ಮುನಿರಾಮಯ್ಯನ ಉಲ್ಟಾ ವಾಲ್ವ್

ಬಸವೇಶ್ವರನಗರದ ಮೂರು ಬೀದಿಗಳಿಗೆ ಮೂವತ್ತು ವರ್ಷದಿಂದ ನೀರು ಬಿಡುತ್ತಿದ್ದವರು ಮುನಿರಾಮಯ್ಯ. ರಸ್ತೆಯ ಗುಂಡಿಯೊಳಗಿನ ವಾಲ್ವಿಗೆ ಉದ್ದನೆಯ ಕಬ್ಬಿಣದ ಕೀ ಇಳಿಸಿ, ಅದರ ಅಡ್ಡಹಿಡಿ ಹಿಡಿದು ತಿರುಗಿಸುವ ಕೆಲಸ. ಹೇಳಲು ಒಂದೇ ಮಾತು. ಅದರ ಕಷ್ಟ ಭುಜಕ್ಕೇ ಗೊತ್ತು. ಹೋದ ತಿಂಗಳು ಅವರ ಬಲಭುಜ ಹಿಡಿದುಕೊಂಡು, ತಲೆ ಬಾಚಲೂ ಕೈ ಮೇಲೇಳದಾಯಿತು. ಡಾಕ್ಟರು ಗದರಿದ ಮೇಲೆ ರಜೆ ಹಾಕಿ, ಮೊನ್ನೆ ತಾನೇ ಲಗ್ಗೆರೆಯ ಬಸವಕಿರಣನಿಗೆ ಕೆಲಸ ಒಪ್ಪಿಸಿದ್ದರು.

ಕೆಲಸ ಒಪ್ಪಿಸಿದರು, ಗುಟ್ಟು ಒಪ್ಪಿಸಲಿಲ್ಲ. ಎರಡನೇ ಬೀದಿಯ ಹಳೇ ವಾಲ್ವ್ ಉಲ್ಟಾ. ಸಾಮಾನ್ಯವಾಗಿ ವಾಲ್ವುಗಳು ಎಡಕ್ಕೆ ತಿರುಗಿಸಿದರೆ ತೆರೆಯುತ್ತವೆ, ಇದು ಬಲಕ್ಕೆ. ಮರೆತರೆನ್ನಲು ಅವರೇನು ಎಳೇ ಮಗುವೇ? ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದರು. ಇದೂ ಗೊತ್ತಾಗಿಬಿಟ್ಟರೆ ತನ್ನನ್ನು ಯಾರು ಕೇಳುತ್ತಾರೆ ಎಂಬ ಭಯ ಅವರಿಗೆ.

ಅಂದು ಬೆಳಿಗ್ಗೆ ಎಂಟಕ್ಕೆ ಆ ಬೀದಿಯ ಡಯಾಲಿಸಿಸ್ ಕ್ಲಿನಿಕ್ಕಿನ ನರ್ಸ್ ರಂಜಿನಿ ಫೋನ್ ಮಾಡಿದಳು.

"ಸಾರ್, ನೀರೇ ಬಂದಿಲ್ಲ. ಸಂಪ್ ಖಾಲಿ, ಟ್ಯಾಂಕರ್ ಸಾಯಂಕಾಲ ಅಂತಿದಾರೆ. ಆರು ಜನ ಪೇಷಂಟ್ಸ್ ಕಾಯ್ತಾ ಇದಾರೆ. ಗುರವ್ವ ಅಂತ ಒಬ್ರು ಅಜ್ಜಿಗೆ ಈಗ್ಲೇ ಉಸಿರು ಕಟ್ತಾ ಇದೆ."

ಮುನಿರಾಮಯ್ಯ ಕೂಡಲೇ ಬಸವಕಿರಣನಿಗೆ ಫೋನ್ ಹಚ್ಚಿದರೆ, ಅವನು ಆಗಲೇ ಬೇರೆ ಕೆಲಸಕ್ಕೆ ಕೆಂಗೇರಿ ಸೇರಿದ್ದ.

"ಎಡಕ್ಕೆ ಜೋರಾಗಿ ತಿರುಗ್ಸಿದೀನಲ್ಲ ಸಾರ್? ಗಟ್ಟಿಯಾಗಿ ನಿಂತ್ಕೊಳ್ತು, ಫುಲ್ ಓಪನ್ ಆಯ್ತು ಅಂದ್ಕೊಂಡೆ."

ಪಾಪ, ತೆರೆದೆನೆಂದುಕೊಂಡು ಬಿಗಿದು ಹೋಗಿದ್ದ. ಮೇನ್ ಲೈನಿನಲ್ಲಿ ನೀರಿರುವುದು ಒಂಬತ್ತರವರೆಗೆ ಮಾತ್ರ. ಮನೆಯಲ್ಲಿದ್ದ ಹಳೇ ಕೀಯನ್ನು ಎಡಹೆಗಲಿಗೆ ಹೊತ್ತುಕೊಂಡು ಮುನಿರಾಮಯ್ಯ ಓಡಿ, ಎರಡನೇ ಬೀದಿಯ ಗುಂಡಿಗೆ ಇಳಿಸಿದರು.

"ಬಿಡಿ ಯಜಮಾನ್ರೇ, ನಾನ್ ತಿರುಗಿಸ್ತೀನಿ," ಎಂದು ಆಟೋದವನೊಬ್ಬ ಇಳಿದು ಬಂದ.

"ಬೇಡಪ್ಪ. ಹಳೇ ಮಾಲು. ಗೊತ್ತಿಲ್ದೋರು ಜಗ್ಗಿದ್ರೆ ಒಳಗೇ ಮುರಿಯುತ್ತೆ, ಆಮೇಲೆ ರಸ್ತೆ ಅಗೀಬೇಕು."

ಎಡಗೈಯಲ್ಲಿ ತಳ್ಳಿದರು, ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬಲಗೈ ಸೇರಿಸಿದರು. ಭುಜದಲ್ಲಿ ಕೆಂಡ ಸುರಿದಂತಾಗಿ ಕಣ್ಣಿಗೆ ಕತ್ತಲೆ ಬಂತು. ಬಿಟ್ಟು ಹೋಗೋಣವೆಂದರೆ ಗುರವ್ವನ ಉಸಿರು ನೆನಪಾಗುತ್ತಿತ್ತು. ಕೊನೆಗೆ ಅಡ್ಡಹಿಡಿಗೆ ಎದೆಯನ್ನೇ ಕೊಟ್ಟು, ಸ್ವಲ್ಪ ತಳ್ಳಿ, ಸ್ವಲ್ಪ ಸಡಿಲಿಸಿ, ಮತ್ತೆ ತಳ್ಳಿದರು. ಕಿರ್ರೆಂದು ಒಂದಿಂಚು ಸರಿಯಿತು. ಆಮೇಲೆ ಗಾಣದ ಎತ್ತಿನಂತೆ ಗುಂಡಿಯ ಸುತ್ತ ನಡೆದರು. ಒಂದು ಸುತ್ತು, ಎರಡು, ಹತ್ತು. ಹದಿನಾರಕ್ಕೆ ಕೀ ಹಿಡಿದೇ ಕೂತುಬಿಟ್ಟರು. ಎದ್ದು ಮತ್ತೆ ನಡೆದರು. ಇಪ್ಪತ್ತೆರಡಕ್ಕೆ ಕಾಲ ಕೆಳಗೆ ಪೈಪು ಗುಡುಗುಟ್ಟಿತು.

"ಬಂತು ಸಾರ್! ಸಂಪಿಗೆ ಬೀಳ್ತಾ ಇದೆ!" ರಂಜಿನಿ ಗೇಟಿನಿಂದಲೇ ಕೂಗಿದಳು.

ಮುನಿರಾಮಯ್ಯ ಫುಟ್‌ಪಾತಿನ ಮೇಲೆ ಕೂತು, ನಾಚಿಕೆ ಬಿಟ್ಟು ಅತ್ತರು. ಅರ್ಧ ಗಂಟೆಯಲ್ಲಿ ರಂಜಿನಿ ಕಾಫಿ ಹಿಡಿದು ಬಂದಳು. ಗುರವ್ವನನ್ನು ಮಷೀನಿಗೆ ಹಾಕಿಯಾಗಿತ್ತು, ಉಸಿರಾಟ ಹಗುರವಾಗುತ್ತಿತ್ತು. ಆಗ ಅವರು ಬಸವಕಿರಣನಿಗೆ ಮತ್ತೆ ಫೋನ್ ಮಾಡಿದರು.

"ಅದು ಉಲ್ಟಾ ಕಣಪ್ಪ. ಬೇಕಂತಲೇ ಹೇಳಿರ್ಲಿಲ್ಲ. ತಪ್ಪು ನಂದು."

"ಇಂಥವು ಇನ್ನೂ ಇದಾವಾ ಸಾರ್?"

"ಇನ್ನೆರಡಿವೆ. ಸಾಯಂಕಾಲ ಬಾ, ಎಲ್ಲಾ ತೋರಿಸ್ತೀನಿ."

ಇನ್ನು ಮುನಿರಾಮಯ್ಯ ಇಲ್ಲದಿದ್ದರೂ ಈ ಬೀದಿಗೆ ನೀರು ಬರುತ್ತದೆ. ಮೂವತ್ತು ವರ್ಷ ಅವರು ಹೆದರಿಕೊಂಡಿದ್ದದ್ದು ಇದಕ್ಕೇ. ಈಗ ಅದೇ ಮಾತನ್ನು ನೆನೆದು, ಉಳಿದ ಕಾಫಿಯನ್ನು ಹಾಯಾಗಿ ಕುಡಿದರು.