ಖಾಲಿ ಬಿಟ್ಟ ಚೌಕ

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ತೊಗರಿ ಕೊಂಡು ಬೇಳೆ ಮಾಡಿಸಿ ಮಾರುವ ಒಂದು ಸಂಘದಲ್ಲಿ ನಾನು ಬದಲಾವಣೆ ಅಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ಕೇಳಿದವರು ಪಗಾರ ಬರುತ್ತದೆಯೇ ಎಂದು ವಿಚಾರಿಸುತ್ತಿದ್ದರು. ಬರುತ್ತಿತ್ತು. ಯಾರು ಯಾರ ಕೈಕೆಳಗೆ, ಯಾವ ಕೆಲಸ ಯಾರದು, ಗುಮಾಸ್ತನಾಗಿ ಸೇರಿದವನು ಮುಂದೆ ಏನಾಗಬಹುದು ಎಂಬುದನ್ನು ಹಾಳೆಯ ಮೇಲೆ ಚೌಕಗಳಾಗಿ ಬರೆದು, ಅವುಗಳೊಳಗೆ ಮನುಷ್ಯರನ್ನು ಹೊಗಿಸುವುದು ನನ್ನ ಕಸುಬು.

ಅವರು ಸುಲಭವಾಗಿ ಹೊಗುತ್ತಿರಲಿಲ್ಲ. ಆಳಂದದ ಕಚೇರಿಯಲ್ಲಿ ಹಿರಿಯ ಗುಮಾಸ್ತರೊಬ್ಬರನ್ನು ಅವರ ಅಳಿಯನ ಕೈಕೆಳಗೆ ಹಾಕಿದ್ದೆ. ಕೆಲವು ತಿಂಗಳ ಮೇಲೆ ಹೋಗಿ ನೋಡಿದರೆ, ಮೇಲಧಿಕಾರಿ ಎದ್ದು ನಿಂತು ಮಾವನ ಹತ್ತಿರ ರಜೆ ಕೇಳುತ್ತಿದ್ದ.

"ಏನ್ರಿ ಇದು?" ಎಂದೆ.

"ಹಾಳಿ ಮ್ಯಾಲ ನಾ ಸಾಹೇಬ ಅದೀನ್ರಿ. ಸಂಜಿಗಿ ಅವರ ಮಗಳ ಕೈಲೇನ ಉಣಬೇಕಲ್ರಿ."

'ಬದಲಾವಣೆ ಪ್ರಗತಿಯಲ್ಲಿದೆ' ಎಂದು ವರದಿ ಬರೆದೆ. ಇಂಥ ಪ್ರಗತಿಯಲ್ಲೇ ತಲೆ ನರೆಯಿತು. ಸಂಘದ ಪ್ರತಿಯೊಬ್ಬನಿಗೂ ಮೇಲೇರುವ ದಾರಿ ತೋರಿಸಿದ್ದೆ. ನನ್ನ ಹುದ್ದೆಯ ಮೇಲೆ ಮಾತ್ರ ಬೇರೆ ಚೌಕವಿರಲಿಲ್ಲ, ಫ್ಯಾನು ತಿರುಗುತ್ತಿತ್ತು.

ಕಡೆಗೆ ಮೂರೂ ಕಚೇರಿಗಳಿಗೆ ಒಬ್ಬ ಪ್ರಧಾನ ವ್ಯವಸ್ಥಾಪಕ ಬೇಕೆಂದು ಸಂಘ ತೀರ್ಮಾನಿಸಿತು. ಹುದ್ದೆಗಳ ಹೊಸ ನಕ್ಷೆ ಬರೆಯುವ ಕೆಲಸ ನನಗೇ ಬಂತು. ಆ ಹುದ್ದೆ ನನ್ನದೇ ಎಂದು ಮನೆಯಲ್ಲೂ ಹೇಳಿಟ್ಟಿದ್ದೆ. ಎಲ್ಲ ಚೌಕಗಳಲ್ಲೂ ಹೆಸರು ತುಂಬಿ, ಎಲ್ಲಕ್ಕಿಂತ ಮೇಲಿನದನ್ನು ಖಾಲಿ ಬಿಟ್ಟೆ. ನಮ್ಮ ಕಡೆ ಊಟಕ್ಕೆ ಕರೆದರೆ ಮೊದಲ ಮಾತಿಗೇ ಕೂರುವವನು ಮರ್ಯಾದಸ್ಥನಲ್ಲ. ಒಲ್ಲೆ ಎನ್ನಬೇಕು, ಅವರು ರಟ್ಟೆ ಹಿಡಿದು ಎಳೆಯಬೇಕು, ಆಮೇಲೆ ನಿರುಪಾಯನಂತೆ ಕೂತು ಹೊಟ್ಟೆ ತುಂಬ ಉಣ್ಣಬೇಕು.

ಅಫಜಲಪುರದಲ್ಲಿ ಸಭೆ. ಅಧ್ಯಕ್ಷರು ಖಾಲಿ ಚೌಕದ ಮೇಲೆ ಬೆರಳಿಟ್ಟರು.

"ಇಲ್ಲಿ ಯಾರ್ರಿ? ನೀವ ಆಗ್ರಲ್ಲ."

"ಛೇ, ನಾ ಎಲ್ಲಿಯವ್ರಿ. ನಕ್ಷೆ ಬರದಾಂವ ತಾನ ಹೋಗಿ ಕುಂತ್ರ ಛಲೋ ಕಾಣಂಗಿಲ್ರಿ."

ಅವರು ಎರಡನೆಯ ಸಲ ಕೇಳಬೇಕಿತ್ತು. ಅದಕ್ಕೆ ಬೇಕಾದ ಸಂಕೋಚದ ಮುಖವನ್ನೂ ಸಿದ್ಧ ಮಾಡಿಕೊಂಡಿದ್ದೆ.

ಅಧ್ಯಕ್ಷರು ಸಭೆಯತ್ತ ತಿರುಗಿದರು. "ನೋಡ್ರಿ, ಮನಶ್ಯಾ ಅಂದ್ರ ಹಿಂಗಿರಬೇಕು. ಆಸೇನ ಇಲ್ಲ ನೋಡ್ರಿ ಈ ಮನಶ್ಯಾಗ."

ಎಲ್ಲರೂ ತಲೆದೂಗಿದರು. ಅಫಜಲಪುರದ ವ್ಯವಸ್ಥಾಪಕರು ಮೊದಲು ಗಾಣಗಾಪುರದಲ್ಲಿ ಲಾಡ್ಜು ನಡೆಸಿದವರು. ಬಂದ ಯಾತ್ರಿಕನಿಗೆ ಖೋಲಿ ಇಲ್ಲವೆಂದು ಒಮ್ಮೆಯೂ ಹೇಳದವರು. ಅವರು ಚಹಾದ ಕಪ್ಪು ಕೆಳಗಿಡುತ್ತ, "ಹಂಗಾದ್ರ ನಾ ಆಗ್ತೇನ್ರಿ" ಎಂದರು.

"ಆಗ್ರಿ" ಎಂದರು ಅಧ್ಯಕ್ಷರು. ಆ ವ್ಯವಸ್ಥಾಪಕರ ಹೆಸರನ್ನು ಚೌಕದೊಳಗೆ ನನ್ನ ಕೈಯಿಂದಲೇ ಬರೆಸಿದರು. ಅಕ್ಷರ ನನ್ನದು ಚೆನ್ನಾಗಿದೆಯಂತೆ. ನಕ್ಷೆ ಪೂರ್ತಿಯಾದ ಮೇಲೆ ಬದಲಾವಣೆಯೂ ಮುಗಿದಂತೆ, ಬದಲಾವಣೆ ಮುಗಿದ ಮೇಲೆ ಅದರ ಅಧಿಕಾರಿಯೂ ಬೇಡವೆಂದು ಸಭೆ ಒಮ್ಮತದಿಂದ ನಿರ್ಣಯಿಸಿತು. ನನಗೆ ಶಾಲು ಹೊದಿಸಿ ಬೀಳ್ಕೊಟ್ಟರು.

ತಿಂಗಳ ಮೇಲೆ ಹೊಸ ಪ್ರಧಾನ ವ್ಯವಸ್ಥಾಪಕರು ಫೋನು ಮಾಡಿದರು. "ಸಾಹೇಬ್ರ, ಜೇವರ್ಗಿ ಗೋದಾಮಿನ್ಯಾಗ ಒಂದ ಜಾಗಾ ಅದ. ದಿನಗೂಲಿ ಲೆಕ್ಕ. ನಿಮಗ ಹೆಂಗ ಕೇಳೂದು ಅಂತ ನಾಚ್ಕಿ ಆಗಾಕತ್ತದ."

"ನಾಳಿಂದ ಬರ್ತೇನ್ರಿ" ಎಂದೆ, ಅವರ ಮಾತು ಮುಗಿಯುವ ಮೊದಲೇ.