ಮೊಣಕಾಲಿನ ಹಿಂದಿನ ನೀಲಿ ಗಂಟು

ನನ್ನ ಎಡಗಾಲಿನ ಹಿಂಬದಿಯನ್ನು ನಾನು ಐವತ್ತೆಂಟು ವರ್ಷ ನೋಡಿರಲಿಲ್ಲ. ನಗಬೇಡಿ, ನೀವು ನಿಮ್ಮದನ್ನು ಕೊನೆಯ ಸಲ ಯಾವಾಗ ನೋಡಿದಿರಿ? ಕನ್ನಡಿಯ ಮುಂದೆ ಎಷ್ಟು ಕತ್ತು ತಿರುಗಿಸಿದರೂ ಕಾಣುವುದು ಸೀರೆಯೇ. ದಿನವೂ ಜೊತೆಯಲ್ಲೇ ನಡೆದು, ಒಮ್ಮೆಯೂ ಮುಖ ತೋರಿಸದ ಯಾರೋ ಒಬ್ಬರಂತೆ ಅದು ಹಿಂದೆಯೇ ಇರುತ್ತದೆ.

ಆದರೂ ಅದು ಹೇಗಿದೆಯೆಂದು ನನಗೆ ಗೊತ್ತಿತ್ತು. ಅವ್ವನ ಕಾಲು ನೋಡಿದ್ದೆನಲ್ಲ. ನನಗೆ ನಾಲ್ಕು ವರ್ಷ. ಅಡುಗೆಮನೆಯ ನೆಲದ ಮೇಲೆ ಕೂತಿದ್ದೇನೆ. ಅವ್ವ ಸೀರೆ ಮೇಲಕ್ಕೆ ಸಿಕ್ಕಿಸಿ, ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದಾಳೆ. ಅವಳ ಎಡ ಮೊಣಕಾಲಿನ ಹಿಂದಿನಿಂದ ಒಂದು ನೀಲಿ ಹಗ್ಗ ಇಳಿದು, ಮೀನಖಂಡದ ನಡುವೆ ಕೊಕ್ಕೆಯಂತೆ ತಿರುಗಿ ಗಂಟಾಗಿದೆ. ಗಂಟಿನ ಕೆಳಗೆ ಹುಣಸೆಬೀಜದಷ್ಟು ನುಣುಪಾದ ಕಲೆ. ಬಿಸಿ ಹಂಚು ತಾಗಿರಬೇಕು. ಅವ್ವನ ಮುಖವೂ ನನಗೆ ಇಷ್ಟು ಸ್ಪಷ್ಟವಾಗಿ ನೆನಪಿಲ್ಲ.

ಹಾಗಾಗಿ ಸ್ನಾನದ ಹೊತ್ತಿಗೆ ಮೊದಲ ಬಾರಿ ಬೆರಳಿಗೆ ಅಲ್ಲೊಂದು ಗಂಟು ಸಿಕ್ಕಾಗ ನಾನು ಹೆದರಲಿಲ್ಲ, ಖುಷಿಪಟ್ಟೆ. ಮೂಗು ಅಪ್ಪನದು, ಕಾಲು ಅವ್ವನದು. ಅವ್ವನಿಗೆ ಇದರಿಂದ ಏನೂ ಆಗಲಿಲ್ಲ, ನನಗೇನಾದೀತು?

ಹೀಗೆ ಯೋಚಿಸಿದವಳು ಪುಣೆಯ ಶಿವಾಜಿನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವಳು. ಕಾಲಿನ ರಕ್ತ ಎದೆಗೆ ಮರಳಲು ಮೇಲಕ್ಕೆ ಹತ್ತಬೇಕು. ಮೀನಖಂಡ ಹಿಂಡಿ ಹಿಂಡಿ ಅದನ್ನು ಮೇಲೆ ತಳ್ಳುತ್ತದೆ. ಹತ್ತಿದ್ದು ಜಾರದಂತೆ ಅಭಿಧಮನಿಯೊಳಗೆ ಪುಟ್ಟ ಕದಗಳಿವೆ. ಕದ ಸಡಿಲಾದರೆ ರಕ್ತ ಕೆಳಗೆ ನಿಂತು ನಾಳ ಉಬ್ಬಿ ಸೊಟ್ಟಗಾಗುತ್ತದೆ ಎಂದೆಲ್ಲ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದೆ. ಒಂದೇ ಕಡೆ ಬಹಳ ಹೊತ್ತು ನಿಲ್ಲಬಾರದು ಮಕ್ಕಳೇ ಎನ್ನುತ್ತಿದ್ದೆ, ಒಂದೇ ಕಡೆ ನಿಂತು.

ಸಂಜೆಗೆ ಕಾಲು ಭಾರವಾಗತೊಡಗಿತು. ತೊಡೆಯ ಮೇಲೆ ಕೆಂಪು-ನೇರಳೆ ಎಳೆಗಳ ಜೇಡರ ಬಲೆ ಹರಡಿತು. ಹಿಮ್ಮಡಿಯ ಮೇಲಿನ ಚರ್ಮ ಕಂದಾಗಿ ತುರಿಸಿತು. ಕೊನೆಗೆ ಅಲ್ಲಿ ಬೇಳೆಯಷ್ಟು ಗಾಯವಾಗಿ ಒಂದು ತಿಂಗಳಾದರೂ ಮಾಯಲಿಲ್ಲ. ಕೋಥರೂಡಿನಲ್ಲಿ ನಮ್ಮ ಪಕ್ಕದ ಕಟ್ಟಡದಲ್ಲೇ ಇರುವ ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವಳು, ಬ್ಯಾಂಡೇಜು ನೋಡಿ ರಿಕ್ಷಾ ಕರೆದಳು.

ಡಾಕ್ಟರು ಎಳೆಯ ಹುಡುಗಿ, ಮರಾಠಿಯವಳು. ಮೊದಲು ನಾನೇ ತಂದು ಹಾಕಿಕೊಂಡಿದ್ದ ಬಿಗಿ ಕಾಲುಚೀಲ ನೋಡಿ ಹುಬ್ಬು ಗಂಟಿಕ್ಕಿದಳು. ಉದ್ದವಾಯಿತೆಂದು ಮೇಲ್ತುದಿಯನ್ನು ಎರಡು ಸುತ್ತು ಮಡಚಿದ್ದೆ. ಅದು ಕಾಲಿಗೆ ನೀವೇ ಕಟ್ಟಿಕೊಂಡ ದಾರ ಎಂದಳು. ಅಳತೆ ನೋಡಿ ತರಬೇಕಂತೆ, ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆಯೇ ತೊಡಬೇಕಂತೆ. ನಾನು ಬೆಂಚಿನ ಮೇಲೆ ನಿಂತ ವಿದ್ಯಾರ್ಥಿನಿಯಂತೆ ತಲೆಯಾಡಿಸಿದೆ. ನಿಜಕ್ಕೂ ನಿಂತಿದ್ದೆ, ಸ್ಟೂಲಿನ ಮೇಲೆ.

ಅವಳು ರಕ್ತ ಹರಿಯುವ ಸದ್ದು ಕೇಳಿಸುವ ಯಂತ್ರದ ತುದಿಯನ್ನು ಮೊಣಕಾಲಿನ ಹಿಂದೆ ಒತ್ತಿ ಮೀನಖಂಡ ಹಿಂಡಿದಳು. ಯಂತ್ರದೊಳಗೆ ಒಂದು ಉಸಿರು ಮೇಲೇರಿತು. ಕೈ ಬಿಟ್ಟಳು. ಸದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಯಾರೋ ಅರ್ಧ ಮೆಟ್ಟಿಲು ಹತ್ತಿ, ಏನೋ ಮರೆತವರ ಹಾಗೆ, ಮೆಲ್ಲಗೆ ಕೆಳಗಿಳಿದು ಬಂದರು. ನನ್ನೊಳಗೇ.

ಆಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ತೋರಿಸಿದಳು. ನೀಲಿ ಹಗ್ಗ, ಕೊಕ್ಕೆ, ಗಂಟು, ಗಂಟಿನ ಕೆಳಗೆ ಹುಣಸೆಬೀಜದಷ್ಟು ಕಲೆ. ಅವ್ವನ ಕಾಲು.

"ಇದು ಸ್ಕೂಟರಿನ ಸೈಲೆನ್ಸರ್ ಸುಟ್ಟಿದ್ದಲ್ಲಾ?" ಎಂದಳು ಅಕ್ಕ, ಬಗ್ಗಿ ನೋಡಿ. "ನೀ ಪುಣೆಕ್ಕ ಬಂದ ವರ್ಷ."

ಅವ್ವನಿಗೂ ಅಲ್ಲೇ ಕಲೆಯಿತ್ತಲ್ಲ ಅಂದೆ. ಅವ್ವ ಯಾವ ಸ್ಕೂಟರ್ ಹತ್ತಿದ್ದಳು ಎಂದು ಅಕ್ಕ ನಕ್ಕಳು. ಹಂಚು ತಾಗಿದ್ದು, ನಿಂತು ರೊಟ್ಟಿ ಬಡಿಯುವಾಗ, ಎಂದೆ. ಅವಳ ನಗು ನಿಂತಿತು.

"ನಿಂತು? ನಮ್ಮ ಮನ್ಯಾಗ ಕಟ್ಟಿ ಎಲ್ಲಿತ್ತು? ಕಡೀತನಕ ಒಲಿ ಮುಂದ ಕೂತಽ ಬಡದಾಳ ಆಕಿ." ಫೋಟೋದಿಂದ ಕಣ್ಣೆತ್ತಿ ಹೇಳಿದಳು: "ಅವ್ವನ ಕಾಲಾಗ ಒಂದು ನರಾನೂ ಉಬ್ಬಿದ್ದಿಲ್ಲ. ಕಡೀ ದಿನ ಆ ಕಾಲಿಗೆ ಅರಿಷಿಣ ಹಚ್ಚಿದಾಕಿ ನಾನು. ಆಕಿ ಹೆಸರು ಹೇಳ್ಕೋತ ನಿನ್ನ ಕಾಲು ಕೊಳಸ್ಕೋಬ್ಯಾಡ."

ಮೇಲಿನ ಎರಡನೆಯ ಪ್ಯಾರಾವನ್ನು ಹೊಡೆದುಹಾಕಬೇಕಿತ್ತು. ಬಿಟ್ಟಿದ್ದೇನೆ, ಇಷ್ಟು ವರ್ಷ ಅದರ ಮೇಲೇ ನಿಂತಿದ್ದೆನಲ್ಲ. ದಿನವೂ ತಡವಿದ ಬೆರಳುಗಳೇ ಒಂದು ಚಿತ್ರ ಬರೆದು ಅವ್ವನಿಗೆ ಅಂಟಿಸಿರಬಹುದು. ಆದರೆ ನೆಲದ ಮೇಲೆ ಕೂತು ಆ ಕಾಲನ್ನು ನೋಡುತ್ತಿದ್ದ ಮಗು ಯಾರು? ಕಟ್ಟೆಯಿರುವ ಪುಣೆಯ ಅಡುಗೆಮನೆಯಲ್ಲಿ, ನಾನು ರೊಟ್ಟಿ ಬಡಿಯುವಾಗ ಹಿಂದೆ ಕೂತಿರುತ್ತಿದ್ದವಳು ನನ್ನ ಮಗಳು. ಕೇಳಿದೆ. ಅವಳಿಗೇನೂ ನೆನಪಿಲ್ಲ. ಯಾಕೆ ನೆನಪಿರಬೇಕು, ಅವಳು ಕಂಡದ್ದು ನನ್ನ ಬಳಿ ಇದೆಯಲ್ಲ.

ಬಲೆಯಂಥ ಎಳೆಗಳನ್ನು ಬೇಕಿದ್ದರೆ ಚುಚ್ಚುಮದ್ದಿನಿಂದ ಅಳಿಸಬಹುದು, ಬಿಟ್ಟರೂ ನಡೆದೀತು. ಆದರೆ ಈ ನಾಳ ಮುಚ್ಚದಿದ್ದರೆ ಗಾಯ ಮಾಯ್ದರೂ ಮತ್ತೆ ಬಾಯಿ ತೆರೆಯುತ್ತದೆ ಎಂದು ಡಾಕ್ಟರು ಹೇಳಿದ್ದಳು. ಒಪ್ಪಿಕೊಂಡೆ. ಚಿಕಿತ್ಸೆಯ ದಿನ ನನ್ನನ್ನು ನಿಲ್ಲಿಸಿ, ನೇರಳೆ ಶಾಯಿಯಲ್ಲಿ ನಾಳದ ಉದ್ದಕ್ಕೂ ಗೆರೆ ಎಳೆದಳು. ಮಲಗಿದರೆ ಅದು ಅಡಗಿಕೊಳ್ಳುತ್ತದೆ, ಅದಕ್ಕೇ ಎಂದಳು. ಮಲಗಿ ಕಾಲೆತ್ತಿದೆ. ಹಾಗೇ ಆಯಿತು, ಹಗ್ಗವಿಲ್ಲ, ಗಂಟಿಲ್ಲ, ಗೆರೆ ಮಾತ್ರ ಉಳಿಯಿತು. ಲೇಸರಿನ ಬಿಸಿಯಲ್ಲಿ ನಾಳ ಮುಚ್ಚಿತು. ರಕ್ತ ಒಳಗಿನ ಬೇರೆ ದಾರಿ ಹಿಡಿಯಿತು. ಅಂದೇ ನಡೆದು ಮನೆಗೆ ಬಂದೆ.

ಈಗ ಗಾಯ ಮಾಯ್ದಿದೆ. ಬೆಳಿಗ್ಗೆ ಇಳಿಯುವ ಮುಂಚೆ ಕಾಲುಚೀಲ, ಸಂಜೆ ನಡಿಗೆ, ಆಮೇಲೆ ದಿಂಬಿನ ಮೇಲೆ ಕಾಲು. ಮೊನ್ನೆ ಹಾಗೆ ಕಾಲೆತ್ತಿ ಮಲಗಿ, ಹಳೆಯ ಚಿತ್ರ ಅಲ್ಲೇ ಇದೆಯೇ ಎಂದು ಕಣ್ಣುಮುಚ್ಚಿ ನೋಡಿದೆ. ಇತ್ತು. ಅವ್ವ ಕಟ್ಟೆಯ ಮುಂದೆ ನಿಂತೇ ಇದ್ದಳು. ನೀಲಿ ಗಂಟಿನ ಜಾಗದಲ್ಲಿ ನೇರಳೆ ಶಾಯಿಯ ಗೆರೆ. ನನಗೆ ಪಾಪ ಅನ್ನಿಸಿತು. ಅವಳದಲ್ಲದ ಕಾಲಿನ ಮೇಲೆ ಎಷ್ಟು ವರ್ಷ ನಿಲ್ಲಿಸಿದ್ದೆ.

"ಕೂಡವ್ವ," ಅಂದೆ.

ತಿರುಗಿ ನೋಡದೆ, ಹಿಟ್ಟಿನ ಕೈ ಊರಿ, ಅವಳು ಮೆಲ್ಲಗೆ ನೆಲಕ್ಕೆ ಕೂತಳು.