ನಾನು ಮುಚ್ಚಿಟ್ಟ ನಂಬರ್

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲಿನ ಮೊದಲ ಭಾನುವಾರ ಶುರುವಾದ ಸಂಗತಿ ಇದು. ನಾನು ಕೆಜಿಎಫ್‌ನ ಒಂದು ಕಾರ್ಖಾನೆಯ ಗುಣಮಟ್ಟ ಪರೀಕ್ಷೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮನೆ ಬಂಗಾರಪೇಟೆಯಲ್ಲಿ. ವಾರಕ್ಕೆ ಆರು ದಿನ ಮಾರಿಕುಪ್ಪಂ ರೈಲಿನಲ್ಲಿ ಹೋಗಿ ಬರುತ್ತೇನೆ. ಕೆಲವು ಭಾನುವಾರಗಳಲ್ಲಿ ಕ್ಯಾಮೆರಾ ಹಿಡಿದು ಮತ್ತೆ ಅದೇ ರೈಲು ಹತ್ತುತ್ತೇನೆ. ಹಳೆಯ ಕಾರು, ಸ್ಕೂಟರುಗಳ ಫೋಟೊ ತೆಗೆಯುವುದು ನನ್ನ ಹವ್ಯಾಸ. ಅವನ್ನು ಹಾಕಲು ಜಾಲತಾಣದಲ್ಲಿ ಒಂದು ಪುಟ ಮಾಡಿಕೊಂಡಿದ್ದೇನೆ. ಅದರಲ್ಲಿ ನನ್ನ ಹೆಸರಿಲ್ಲ.

ಆ ಪುಟಕ್ಕೆ ನಾನೇ ಹಾಕಿಕೊಂಡ ಒಂದು ನಿಯಮವಿತ್ತು. ಯಾವ ವಾಹನದ ನಂಬರ್ ಪ್ಲೇಟೂ ಕಾಣಬಾರದು. ಅದನ್ನು ಮಸುಕು ಮಾಡಿದ ಮೇಲೆಯೇ ಫೋಟೊ ಹಾಕುತ್ತಿದ್ದೆ. ‘ರಸ್ತೆಯಲ್ಲಿ ಊರಿಗೆಲ್ಲ ಕಾಣುವ ನಂಬರನ್ನು ಇಲ್ಲಿ ಮುಚ್ಚಿ ಏನು ಸಾಧಿಸಿದಿರಿ?’ ಎಂದು ಎಷ್ಟೋ ಜನ ಕೇಳಿದ್ದಾರೆ. ಉತ್ತರ ಕೊಟ್ಟಿರಲಿಲ್ಲ. ಎಂ.ಎಸ್‌ಸಿ. ಓದುವಾಗ ಗೆಳತಿಯೊಬ್ಬಳು ನನ್ನ ಸ್ಕೂಟರಿನ ಫೋಟೊ ಹಾಕಿದ್ದಳು. ಅದರಲ್ಲಿದ್ದ ನಂಬರಿನಿಂದ ನನ್ನ ಹೆಸರು ಹುಡುಕಿ, ಗುರುತು ಪರಿಚಯವಿಲ್ಲದ ಒಬ್ಬ ಹಾಸ್ಟೆಲಿನ ಗೇಟಿನ ಹತ್ತಿರ ಮೂರು ಸಂಜೆ ನಿಂತಿದ್ದ. ಏನೂ ಆಗಲಿಲ್ಲ. ನಾಲ್ಕನೆಯ ದಿನದಿಂದ ನಾನು ಹಿಂದಿನ ಗೇಟಿನಲ್ಲಿ ಓಡಾಡತೊಡಗಿದೆ. ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯವಿಲ್ಲ.

ಆ ಭಾನುವಾರ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳ ಸಾಲಿನಲ್ಲಿ ನಡೆಯುತ್ತಿದ್ದಾಗ ಒಂದು ಮನೆಯ ಪಕ್ಕ, ತಗಡಿನ ಚಪ್ಪರದ ಕೆಳಗೆ, ನೀಲಿ ಬಣ್ಣದ ಹೆರಾಲ್ಡ್ ಕಾರು ಕಂಡಿತು. ಎರಡೇ ಬಾಗಿಲಿನ ಕಾರು. ಮುಂಭಾಗದ ಇಡೀ ಮುಚ್ಚಳ ಮುಂದಕ್ಕೆ ತೆರೆದುಕೊಳ್ಳುತ್ತದೆ. ಸುತ್ತಮುತ್ತ ಎಲ್ಲೂ ನಾನು ಅಂಥದ್ದನ್ನು ನೋಡಿರಲಿಲ್ಲ. ಬನಿಯನ್, ಲುಂಗಿಯಲ್ಲಿದ್ದ ಹಿರಿಯರೊಬ್ಬರು ಹಳೆಯ ಟವೆಲಿನಲ್ಲಿ ಅದರ ಗಾಜು ಒರೆಸುತ್ತಿದ್ದರು. ಹೆಸರು ದೊರೈಸ್ವಾಮಿ. ಎಪ್ಪತ್ತೈದು ದಾಟಿದವರು. ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲೇ ಕೆಲಸ ಮಾಡಿದವರು. ಫೋಟೊ ತೆಗೆಯಬಹುದೇ ಎಂದು ಕೇಳಿದೆ.

“ತೆಗಿ ಮಾ. ನೆಟ್‌ನಲ್ಲಿ ಹಾಕ್ತೀಯಾ?”

“ಹಾಕ್ತೀನಿ.”

“ಹಾಗಾದ್ರೆ ಇರು.” ಒಳಗೆ ಹೋಗಿ ಹುಣಸೆಹಣ್ಣಿನ ಉಂಡೆ ತಂದರು. ಕುಕ್ಕರಗಾಲಿನಲ್ಲಿ ಕೂತು ಮುಂದಿನ ನಂಬರ್ ಪ್ಲೇಟನ್ನು ತಿಕ್ಕಿ ತಿಕ್ಕಿ ತೊಳೆದರು. ಕಾಮಾಕ್ಷಿ ದೀಪ ತಿಕ್ಕುವ ಹಾಗೆ ತಿಕ್ಕುತ್ತಿದ್ದರು. ಅವರ ಹೆಂಡತಿ ಸೆಲ್ವಿಯಮ್ಮ ಬಾಗಿಲಲ್ಲಿ ನಿಂತು, “ರಸಕ್ಕೆ ಇಟ್ಟಿದ್ದ ಹುಣಸೆಹಣ್ಣು ಅದು. ಇವತ್ತು ಕಾರಿಗೇ ರಸ, ನಮಗಿಲ್ಲ” ಎಂದರು.

ಆ ತೊಳೆಯುವಿಕೆಯನ್ನು ನೋಡಿಯೂ ನಾನು ಏನನ್ನೂ ಕೇಳಲಿಲ್ಲ. ಮನೆಗೆ ಬಂದು ಎಂದಿನಂತೆ ಪ್ಲೇಟನ್ನು ಮಸುಕು ಮಾಡಿ, ‘ಚಾಂಪಿಯನ್ ರೀಫ್ಸ್‌ನ ಒಂದು ಹೆರಾಲ್ಡ್’ ಎಂದು ಬರೆದು ಫೋಟೊ ಹಾಕಿದೆ. ನನ್ನ ಪುಟದಲ್ಲಿ ಅಷ್ಟು ಜನ ನೋಡಿದ ಫೋಟೊ ಬೇರೆ ಇಲ್ಲ.

ಮುಂದಿನ ವಾರ ತೋರಿಸಲು ಹೋದೆ. ದೊರೈಸ್ವಾಮಿಯವರು ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು.

“ನಂಬರ್ ಎಲ್ಲಿ ಮಾ?”

“ಮುಚ್ಚಿದೀನಿ ತಾತ. ಅದು ನಿಮ್ಮ ಒಳ್ಳೇದಕ್ಕೇ.”

“ಪೇಪರ್‌ನಲ್ಲಿ ಕಳ್ಳನ ಮುಖಕ್ಕೆ ಬಟ್ಟೆ ಹಾಕಿರ್ತಾರಲ್ಲ, ಹಂಗೆ ಮಾಡಿದೀಯ” ಎಂದು ಫೋನನ್ನು ವಾಪಸು ಕೊಟ್ಟರು. ಕೋಪವಿರಲಿಲ್ಲ. ಯಾಕೆ ಎಂದು ಅವರಾಗಿಯೇ ಹೇಳಿದರು.

ಗಣಿಯಲ್ಲಿ ಅವರದು ಬಿಲ್ಲೆ ಕೊಡುವ ಕಿಟಕಿಯ ಕೆಲಸ. ಒಬ್ಬೊಬ್ಬ ಕೆಲಸಗಾರನಿಗೂ ಒಂದು ನಂಬರು, ಆ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ. ಬಿಲ್ಲೆಗಳೆಲ್ಲ ಹಲಗೆಯ ಮೇಲಿನ ಮೊಳೆಗಳಲ್ಲಿ ತೂಗುತ್ತಿದ್ದವು. ಕೆಳಗಿಳಿಯುವವನು ತನ್ನ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದವನು ಹಿಂದಕ್ಕೆ ಕೊಡಬೇಕು. ಅದೂ ಕೈಯಿಂದ ಕೈಗೆ. ಕಟ್ಟೆಯ ಮೇಲಿಟ್ಟು ಹೋದರೆ, ಇನ್ನೊಬ್ಬನ ಕೈಯಲ್ಲಿ ಕಳಿಸಿದರೆ, ದೊರೈಸ್ವಾಮಿಯವರು ಮುಟ್ಟುತ್ತಿರಲಿಲ್ಲ. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ಅಲ್ಲಿಯವರೆಗೆ ಅವರೂ ಮನೆಗೆ ಹೋಗುವಂತಿಲ್ಲ.

“ಸೈರನ್ ಕೂಗಿದ್ರೆ ಹೆಂಗಸರು ಮಕ್ಕಳು ನನ್ನ ಕಿಟಕಿಗೇ ಓಡಿ ಬರೋರು. ಹೆಸರು ಹೇಳ್ತಾ ಇರ್ಲಿಲ್ಲ, ನಂಬರ್ ಹೇಳೋರು. ನೀನು ನಂಬರ್ ಮುಚ್ಚಿದ್ರೆ ಯಾರು ಬಂದ್ರು, ಯಾರು ಬರ್ಲಿಲ್ಲ ಅಂತ ಹೆಂಗೆ ಗೊತ್ತಾಗತ್ತೆ?”

ಆಮೇಲೆ ಕಾರಿನ ವಿಷಯಕ್ಕೆ ಬಂದರು. ಅದನ್ನು ಅವರು ಮತ್ತು ಚೌಡಪ್ಪ ಎಂಬ ಗೆಳೆಯ ಸೇರಿ ಒಬ್ಬ ಅಧಿಕಾರಿಯಿಂದ ಕೊಂಡಿದ್ದರು. ಚೌಡಪ್ಪ ಕೆಳಗಿಳಿದು ಕೆಲಸ ಮಾಡುವವರು, ಬಂಗಾರಪೇಟೆ ಕಡೆಯ ಹಳ್ಳಿಯವರು. ಡ್ರೈವಿಂಗ್ ಲೈಸೆನ್ಸ್ ಇದ್ದದ್ದು ಅವರೊಬ್ಬರಿಗೇ ಆದ್ದರಿಂದ ಕಾರು ಅವರ ಹೆಸರಿನಲ್ಲೇ ದಾಖಲಾಯಿತು. ಗಣಿ ಮುಚ್ಚಿದಾಗ ಚೌಡಪ್ಪ ಮಾರೋಣ ಎಂದರು, ದೊರೈಸ್ವಾಮಿ ಬೇಡ ಎಂದರು. ಮಾತಿಗೆ ಮಾತು ಬೆಳೆಯಿತು. ಚೌಡಪ್ಪ ಕೀಲಿಯನ್ನು ಅಂಗಳಕ್ಕೆ ಎಸೆದು, ಸಂಸಾರ ಕಟ್ಟಿಕೊಂಡು ಪುಂಗನೂರಿನ ಕಡೆ ಯಾವುದೋ ತೋಟದ ಕೆಲಸಕ್ಕೆ ಹೊರಟುಹೋದರು. ದೊರೈಸ್ವಾಮಿಯವರು ಬರೆದ ಎರಡು ಕಾಗದಗಳೂ ಹಿಂದಕ್ಕೆ ಬಂದವು.

ಈಗ ಕಾರಿನ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಚೌಡಪ್ಪನವರ ಸಹಿ ಇಲ್ಲದೆ ಹೆಸರು ಬದಲಾಯಿಸಲು ಆಗುವುದಿಲ್ಲ, ಯುಗಾದಿಯೊಳಗೆ ತರದಿದ್ದರೆ ಕಾರನ್ನು ಗುಜರಿಗೆ ಹಾಕುವುದೇ ವಾಸಿ ಎಂದು ಆರ್‌ಟಿಒ ಏಜೆಂಟ್ ಹೇಳಿದ್ದ. ಆಂಡರ್ಸನ್‌ಪೇಟೆಯ ಗುಜರಿಯವರು ಎರಡು ಸಲ ಬಂದು ನೋಡಿಕೊಂಡು ಹೋಗಿದ್ದರು.

“ಚೌಡಪ್ಪ ಬಿಟ್ಟು ಹೋದಾಗ ಇದು ಕರೀ ಕಾರು ಮಾ. ತುಕ್ಕು ಹಿಡೀತು ಅಂತ ನಾನು ನೀಲಿ ಹೊಡೆಸಿದೆ. ನಂಬರ್ ಇಲ್ದೆ ನೋಡಿದ್ರೆ ಅವನಿಗೆ ಇದು ಯಾರದೋ ಕಾರು.”

ಅವರಿಗೆ ಬೇಕಾಗಿದ್ದುದು ಸಹಿ ಎಂದು ಅವತ್ತು ನಾನು ಅಂದುಕೊಂಡೆ. ಅವರ ಮುಂದೆಯೇ ಮಸುಕು ಮಾಡದ ಫೋಟೊ ಹಾಕಿದೆ. ಪುಟ ಶುರುಮಾಡಿದ ಮೇಲೆ ನಿಯಮ ಮುರಿದದ್ದು ಅದೇ ಮೊದಲು.

ಮೂರನೆಯ ಭಾನುವಾರ ನಾನು ಅವರ ಮನೆಯಲ್ಲಿದ್ದಾಗ ಕಾರು ಎಳೆಯುವ ಗಾಡಿಯೊಂದು ಬಂದು ಮನೆಯ ಮುಂದೆ ನಿಂತಿತು. ನಲವತ್ತರ ಆಸುಪಾಸಿನ, ಇಸ್ತ್ರಿ ಮಾಡಿದ ಅಂಗಿಯ ಒಬ್ಬಾತ ಇಳಿದ. ಜೊತೆಗೆ ಇಬ್ಬರು.

“ತಾತ, ನಾನು ಚೌಡಪ್ಪನವರ ತಂಗಿ ಮಗ. ಮಾವ ತೀರಿಕೊಂಡ್ರು. ಕಾರು ಅವರ ಹೆಸರಲ್ಲೈತೆ, ತಗೊಂಡೋಗಾಕೆ ಬಂದ್ವಿ.”

ಸೆಲ್ವಿಯಮ್ಮ ಗೋಡೆ ಹಿಡಿದುಕೊಂಡರು. ನಂಬರಿನಿಂದ ಹೆಸರು ಹುಡುಕಲು ಎಷ್ಟು ಹೊತ್ತು ಬೇಕು ಎಂಬುದು ನನಗೆ ಗೊತ್ತಿತ್ತು. ಊರಿನ ಹೆಸರನ್ನು ನಾನೇ ಬರೆದು ಕೊಟ್ಟಿದ್ದೆ. ಆತ ನಿಜವನ್ನೇ ಹೇಳುತ್ತಿರಬಹುದು, ಅದೂ ಸಾಧ್ಯವಿತ್ತು.

ದೊರೈಸ್ವಾಮಿಯವರು ಕೂತಲ್ಲಿಂದ ಏಳಲಿಲ್ಲ. ಕಾರಿನ ಕೀಲಿ ಅವರ ಕೈಯಲ್ಲಿತ್ತು.

“ತಂಗಿ ಮಗನಾ? ಸರಿ. ನಿಮ್ಮ ಮಾವನ ಬಿಲ್ಲೆ ನಂಬರ್ ಎಷ್ಟು?”

“ಏನು?”

“ಗಣಿ ನಂಬರ್.”

“ಅದನ್ನೆಲ್ಲ ಯಾರು ನೆಪ್ಪಿಟ್ಕೋತಾರೆ ತಾತ?”

“ಅವನ ಹೆಂಡತಿ ಇಟ್ಕೊಂಡಿದ್ಲು. ಅವನ ಮಕ್ಕಳು ಇಟ್ಕೊಂಡಿದ್ರು. ತಂಗಿ ಪ್ರತಿ ಸೈರನ್‌ಗೂ ಬಂದು ನನ್ನ ಕಿಟಕೀಲಿ ಆ ನಂಬರ್ ಹೇಳಿ ಅತ್ತಿದ್ದಾಳೆ. ನಿನಗೆ ಹಾಲು ಕುಡಿಸೋವಾಗ್ಲೂ ಹೇಳಿರ್ಬೇಕು. ಹೋಗು, ಅಮ್ಮನ್ನ ಕೇಳ್ಕೊಂಡು ಬಾ. ಕಾರು ಎಲ್ಲೂ ಓಡಿಹೋಗಲ್ಲ. ಓಡೋ ಹಂಗೂ ಇಲ್ಲ.”

ಆತ ಸ್ವಲ್ಪ ಹೊತ್ತು ಕಾಗದ, ಕೋರ್ಟು ಎಂದು ಮಾತಾಡಿದ. ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನಿಂತಾಗ ಗಾಡಿ ಹತ್ತಿದ. ಮತ್ತೆ ಬರಲಿಲ್ಲ.

ಗಾಡಿ ತಿರುವು ದಾಟಿದ ಮೇಲೆ ದೊರೈಸ್ವಾಮಿಯವರು ಮುಷ್ಟಿ ಬಿಚ್ಚಿದರು. ಕೀಲಿಗೆ ಕಟ್ಟಿದ್ದ ಹಿತ್ತಾಳೆಯ ಬಿಲ್ಲೆ ಅಂಗೈಯಲ್ಲಿ ಅಚ್ಚೊತ್ತಿತ್ತು. ಅದು ಚೌಡಪ್ಪನವರದೇ. ಗಣಿಯ ಕೊನೆಯ ದಿನ ವಾಪಸು ಕೊಡದೆ ಕೀಲಿಗೆ ಕಟ್ಟಿಕೊಂಡಿದ್ದರಂತೆ. ನಂಬರ್ ಮುಚ್ಚಬಾರದು ಎಂದವರು ಅಷ್ಟು ಹೊತ್ತೂ ಒಂದು ನಂಬರನ್ನು ಕೈಯಲ್ಲಿ ಮುಚ್ಚಿಟ್ಟುಕೊಂಡಿದ್ದರು.

“ಫೋಟೊನ ಪುಟದಿಂದ ತೆಗೆದುಬಿಡ್ತೀನಿ ತಾತ” ಎಂದೆ.

“ಬೇಡ. ಕಳ್ಳ ನೋಡಿದ್ದಾನೆ. ಚೌಡಪ್ಪ ಇನ್ನೂ ನೋಡಿಲ್ಲ.” ಬಿಲ್ಲೆಯನ್ನು ಹೆಬ್ಬೆರಳಿನಿಂದ ಒರೆಸುತ್ತ ಕೇಳಿದರು. “ಅವನು ಸತ್ತಿದ್ದಾನೆ ಅಂದನಲ್ಲ, ಅದೂ ಸುಳ್ಳೇ ಇರ್ಬೇಕಲ್ವಾ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ಫೋಟೊ ಉಳಿಸಿದೆ, ಆದರೆ ಹೆದರಿಕೆ ಹೋಗಲಿಲ್ಲ. ಅವತ್ತಿನಿಂದ ಅದರ ಕೆಳಗೆ ಬರುವ ಪ್ರತಿಕ್ರಿಯೆಗಳನ್ನು ದಿನಕ್ಕೆ ಎರಡು ಸಲ ನೋಡಿ, ಅನುಮಾನ ಬಂದವನ್ನೆಲ್ಲ ಯಾರಿಗೂ ಕಾಣದಂತೆ ಅಡಗಿಸುತ್ತಿದ್ದೆ. ಫೋನ್ ನಂಬರ್ ಹಾಕಿದವರು, ಮಾರುತ್ತೀರಾ ಎಂದವರು, ವಿಳಾಸ ಕೇಳಿದವರು ಎಲ್ಲರನ್ನೂ.

ಯುಗಾದಿಗೆ ವಾರವಿದ್ದಾಗ ಹೋದೆ. ಗುಜರಿಯವರಿಗೆ ಹೇಳಿಯಾಗಿತ್ತು, ಸೋಮವಾರ ಬರುತ್ತಾರೆ. ಕೊನೆಯದಾಗಿ ಒಂದು ಫೋಟೊ ತೆಗೆದುಕೊಡು ಎಂದು ಸೆಲ್ವಿಯಮ್ಮ ಕೇಳಿದ್ದರು. ದೊರೈಸ್ವಾಮಿಯವರು ಚಪ್ಪರದ ಕೆಳಗೆ ಕೂತಿದ್ದರು.

“ಜನ ಏನೇನು ಬರೆದಿದ್ದಾರೆ, ಒಂದ್ಸಲ ಓದು ಮಾ.”

ಓದಿದೆ. ಚೆನ್ನಾಗಿದೆ ಎಂದವರು, ನಮ್ಮ ಮಾವನ ಹತ್ತಿರವೂ ಇತ್ತು ಎಂದವರು.

“ಇಷ್ಟೇನಾ?”

“ಕೆಲವು ಅಡಗಿಸಿದೀನಿ. ಬೇಡವಾದವು.”

“ಯಾರಿಗೆ ಬೇಡವಾದವು?”

ಅಡಗಿಸಿದ್ದನ್ನು ತೆರೆದು ಒಂದೊಂದಾಗಿ ಓದತೊಡಗಿದೆ. ಒಂದು ಫೋನ್ ನಂಬರ್. ಇನ್ನೊಂದು ಫೋನ್ ನಂಬರ್. ಎಷ್ಟಕ್ಕೆ ಕೊಡ್ತೀರಾ. ಆಮೇಲೆ, ಮಲ್ಲಿಗೆ ಹೂವಿನ ಚಿತ್ರ ಇಟ್ಟುಕೊಂಡಿದ್ದ ಯಾರೋ ಬರೀ ನಾಲ್ಕು ಅಂಕಿ ಬರೆದಿದ್ದರು. ಹದಿನೆಂಟು ದಿನದ ಹಿಂದೆ. ಕೆಲಸಕ್ಕೆ ಬಾರದ್ದು ಎಂದು ಅಡಗಿಸಿದ್ದೆ. ಅದನ್ನೂ ಓದಿದೆ.

ದೊರೈಸ್ವಾಮಿಯವರು ಇನ್ನೊಂದು ಸಲ ಓದು ಎಂದರು. ಓದಿದೆ. ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಬಿಲ್ಲೆಯ ಮೇಲಿದ್ದದ್ದು ಅದೇ ನಾಲ್ಕು ಅಂಕಿ.

“ಇದ್ದಾನೆ” ಎಂದರು. ಸೆಲ್ವಿಯಮ್ಮನ ಕಡೆ ತಿರುಗಿ ತಮಿಳಿನಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದರು. ಆಮೇಲೆ ಲುಂಗಿಯ ತುದಿಯಿಂದ ಮುಖ ಒರೆಸಿಕೊಂಡರು. ಸಹಿಯ ಮಾತು ಅವರ ಬಾಯಿಂದ ಬರಲಿಲ್ಲ. ಅವರಿಗೆ ಬೇಕಾಗಿದ್ದುದು ಸಹಿಯಲ್ಲ ಎಂದು ಆಗಲೇ ನನಗೆ ಅರ್ಥವಾದದ್ದು.

ಅಡಗಿಸಿದ್ದ ನಾಲ್ಕು ಅಂಕಿಯನ್ನು ಎಲ್ಲರಿಗೂ ಕಾಣುವಂತೆ ಮಾಡಿ, ಕೆಳಗೆ ‘ದೊರೈಸ್ವಾಮಿಯವರು ಇಲ್ಲೇ ಇದ್ದಾರೆ’ ಎಂದು ಬರೆದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಬರೆದವಳು ಚೌಡಪ್ಪನವರ ಮೊಮ್ಮಗಳು. ಹದಿನೆಂಟು ದಿನದಿಂದ ತಾತ ದಿನಾ ಕೇಳುತ್ತಿದ್ದಾರೆ, ಏನಾದ್ರೂ ಬಂತಾ ಅಂತ, ಎಂದು ಬರೆದಿದ್ದಳು. ಆ ವಾಕ್ಯ ಓದಿದಾಗ ನನಗೆ ಆದದ್ದನ್ನು ಬರೆಯಲು ಪ್ರಯತ್ನಿಸುವುದಿಲ್ಲ.

ಗುಜರಿಯವರಿಗೆ ಬರಬೇಡಿ ಎಂದು ಹೇಳಿ ಕಳಿಸಿದರು. ಬುಧವಾರ ನಾನು ಕಾರ್ಖಾನೆಗೆ ರಜೆ ಹಾಕಿ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಚೌಡಪ್ಪನವರನ್ನೂ ಮೊಮ್ಮಗಳನ್ನೂ ಕರೆದುಕೊಂಡು ಚಾಂಪಿಯನ್‌ಗೆ ಬಂದೆ. ಕೋಲು ಹಿಡಿದ, ತೆಳ್ಳಗಿನ ಮನುಷ್ಯ. ಬರೀ ನಂಬರ್ ಯಾಕೆ ಬರೆಸಿದಿರಿ ಎಂದು ರೈಲಿನಲ್ಲಿ ಕೇಳಿದೆ.

“ದೊರೈ ಇದ್ರೆ ಅಷ್ಟು ಸಾಕು ಕಣಮ್ಮ. ಇಲ್ದಿದ್ರೆ ಮಿಕ್ಕಿದೋರ್ಗೆ ಯಾಕೇಳ್ಬೇಕು?” ಎಂದರು. ಆ ಉತ್ತರ ನನಗೆ ಹಿಡಿಸಿತು.

ಮನೆಯ ಮುಂದೆ ಆಟೊದಿಂದ ಇಳಿದಾಗ ಅವರು ಗೆಳೆಯನನ್ನು ನೋಡಲಿಲ್ಲ, ಕಾರನ್ನು ನೋಡಿದರು.

“ಯಾವನ್ಲಾ ಇದಕ್ಕೆ ನೀಲಿ ಒಡ್ಸಿದೋನು?”

“ನಾನೇ.”

“ಅವಾಗ್ಲೇ ಕಣ್ಣೋಗಿತ್ತಾ ನಿಂಗೆ?”

“ನಿನ್ನ ಕಣ್ಣು ಚೆನ್ನಾಗಿತ್ತಲ್ಲ, ದಾರಿ ಕಾಣ್ಲಿಲ್ವಾ ಇಷ್ಟು ವರ್ಷ?”

“ಬಂದಿದ್ದೆ ಕಣ್ಲಾ. ಎಲ್ಡು ಸಲ ಬಂಗಾರಪೇಟೆ ಗಂಟ ಬಂದೆ. ಟೀ ಕುಡ್ದೆ, ವಾಪಸ್ ಓದೆ.”

“ಟೀ ಇಲ್ಲೂ ಸಿಗತ್ತೆ” ಎಂದರು ಸೆಲ್ವಿಯಮ್ಮ ಒಳಗಿನಿಂದ.

ಏಜೆಂಟ್ ಕೊಟ್ಟಿದ್ದ ಫಾರಂಗಳಿಗೆ ಚೌಡಪ್ಪನವರು ಕಾರಿನ ಮುಚ್ಚಳದ ಮೇಲಿಟ್ಟುಕೊಂಡೇ ಸಹಿ ಹಾಕಿದರು. ದೊರೈಸ್ವಾಮಿಯವರು ಫಾರಂಗಳನ್ನು ನೋಡದೆ ಮಡಿಸಿಟ್ಟು, ಕೀಲಿಯಿಂದ ಬಿಲ್ಲೆ ಬಿಚ್ಚಿ ಗೆಳೆಯನ ಮುಂದೆ ಹಿಡಿದರು.

“ಇದನ್ನ ಅಂಗಳಕ್ಕೆ ಎಸೆದು ಹೋಗಿದ್ದೆ ನೀನು.”

ಚೌಡಪ್ಪನವರು ಅದನ್ನು ತೆಗೆದುಕೊಂಡರು. ಕೋಲನ್ನು ಕಾರಿಗೆ ಒರಗಿಸಿದರು. ಎರಡೂ ಕೈಯಲ್ಲಿ ಬಿಲ್ಲೆ ಹಿಡಿದು ದೊರೈಸ್ವಾಮಿಯವರ ಅಂಗೈಯಲ್ಲಿಟ್ಟರು.

“ಬರ್ಕೊ. ಬಂದಿವ್ನಿ.”

ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ಖಾಲಿ ಮೊಳೆಯಿತ್ತು. ಅಷ್ಟು ದಿನ ಹೋಗಿ ಬಂದರೂ ನಾನು ಅದನ್ನು ಗಮನಿಸಿರಲಿಲ್ಲ. ದೊರೈಸ್ವಾಮಿಯವರು ಬಿಲ್ಲೆಯನ್ನು ಅದಕ್ಕೆ ಹಾಕಿದರು.

ಇಬ್ಬರನ್ನೂ ಕಾರಿನ ಮುಂದೆ ನಿಲ್ಲಿಸಿ ಫೋಟೊ ತೆಗೆದೆ. ನಂಬರ್ ಮುಚ್ಚಲೇ ಎಂದು ಈ ಸಲ ಕೇಳಿದೆ.

“ನಂಬರ್ ಬುಡು. ನನ್ನ ಮುಖ ಮುಚ್ಚು. ಗಡ್ಡ ತೆಗಿಸ್ದೆ ಬಂದೀನಿ” ಎಂದರು ಚೌಡಪ್ಪ.

ಈಗಲೂ ನಾನು ನಂಬರ್ ಪ್ಲೇಟುಗಳನ್ನು ಮುಚ್ಚುತ್ತೇನೆ. ಎಳೆಯುವ ಗಾಡಿ ತಂದವನನ್ನು ಮರೆತಿಲ್ಲ, ಹಾಸ್ಟೆಲ್ ಗೇಟಿನವನನ್ನೂ ಮರೆತಿಲ್ಲ. ಆದರೆ ಮುಚ್ಚುವ ಮೊದಲು ಕಾರಿನವರನ್ನು ಕೇಳುತ್ತೇನೆ. ಹೆಚ್ಚಿನವರು ಮುಚ್ಚಿ ಎನ್ನುತ್ತಾರೆ. ಯಾರಾದರೂ ಬೇಡ ಎಂದರೆ, ಯಾರು ನೋಡಲಿ ಅಂತ ಎಂದು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಆ ಹೆರಾಲ್ಡ್‌ನ ನಂಬರನ್ನಾಗಲಿ, ಬಿಲ್ಲೆಯ ನಾಲ್ಕು ಅಂಕಿಗಳನ್ನಾಗಲಿ ಇಲ್ಲಿ ಬರೆದಿಲ್ಲ. ಅವು ಯಾರಿಗೆ ತಲುಪಬೇಕಿತ್ತೋ ಅವರಿಗೆ ತಲುಪಿವೆ, ನನ್ನಿಂದ ಹದಿನೆಂಟು ದಿನ ತಡವಾಗಿ.